ಶ್ರೀರಂಗಪಟ್ಟಣದಿಂದ ಹೊರಟ ವಜ್ರ

ಪ್ರವೇಶ: ಪತ್ತೇದಾರಿ ಕಾದಂಬರಿಯೆಂದರೆ ಹೊತ್ತು ಕಳೆಯಲು ಓದುವ ಪುಸ್ತಕವೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಆ ಬಗೆಯ ಉತ್ತಮ ಕೃತಿಗಳು ಸತ್ಯವನ್ನು ಹೇಗೆ ಅರಸಬೇಕು, ಕಣ್ಣಿಗೆ ಕಂಡುದನ್ನು ಎಷ್ಟರಮಟ್ಟಿಗೆ ನಂಬಬೇಕು, ಯಾರ ಮೇಲೆ ಯಾವ ಆಧಾರದಿಂದ ಸಂಶಯಪಡಬೇಕು ಎಂಬ ಗಂಭೀರ ಪ್ರಶ್ನೆಗಳನ್ನು ಓದುಗರ ಮುಂದಿಡುತ್ತವೆ. ಇಂಗ್ಲಿಷ್ ಭಾಷೆಯಲ್ಲಿ ಹೆಸರಾದ ಅಂಥ ಕಾದಂಬರಿಯೊಂದು ಕನ್ನಡ ನಾಡಿನ ಶ್ರೀರಂಗಪಟ್ಟಣದಲ್ಲಿ ಆರಂಭವಾಗುತ್ತದೆ. ಅದನ್ನು ಈ ಸೀಮೆಯ ಸಾಮಾನ್ಯ ಓದುಗನೊಬ್ಬನು ಓದಿದಾಗ ಅವನ ಮನಸ್ಸಿನಲ್ಲಿ ಏಳುವ ಭಾವನೆಗಳನ್ನು ಈ ಪಾಠ ನಿರೂಪಿಸುತ್ತದೆ.

ಪಾಂಡವಪುರದ ಕುಂತಿಬೆಟ್ಟದಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಶ್ರೀರಂಗಪಟ್ಟಣವಿದೆ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು. ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಆಂಗ್ಲರು ಆ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಆದ್ದರಿಂದ ಈ ಭಾಗದ ಜನರಿಗೆ ಟಿಪ್ಪುವಿನ ಕೊನೆಯ ಕಾಳಗವು ದೂರದ ಇತಿಹಾಸವಲ್ಲ. ಬಿರುಕು ಬಿಟ್ಟ ಕೋಟೆಯ ಗೋಡೆ, ಅಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭ, ದರಿಯಾ ದೌಲತ್ತಿನ ಭಿತ್ತಿಚಿತ್ರಗಳು, ಗುಂಬಜಿನ ಸಮಾಧಿ ಇವನ್ನೆಲ್ಲ ಅವರು ಚಿಕ್ಕಂದಿನಿಂದಲೂ ಕಂಡಿರುತ್ತಾರೆ.

1799ರ ಮೇ 4ರಂದು ಮಧ್ಯಾಹ್ನ ಆಂಗ್ಲ ಸೇನೆಯು ಕಾವೇರಿಯನ್ನು ದಾಟಿ ಕೋಟೆಯ ಒಡಕಿನೊಳಕ್ಕೆ ನುಗ್ಗಿತು. ದಾಳಿಯ ಮುಂದಾಳು ಜನರಲ್ ಬೇರ್ಡ್. ಅವನು ಹಿಂದೊಮ್ಮೆ ಇದೇ ಪಟ್ಟಣದ ಸೆರೆಯಲ್ಲಿ ಮೂರು ವರ್ಷಗಳಿಗೂ ಮಿಕ್ಕ ಕಾಲ ಬಂಧಿಯಾಗಿದ್ದವನು. ಸಂಜೆಯ ವೇಳೆಗೆ ಟಿಪ್ಪು ಮಡಿದಿದ್ದನು, ಪಟ್ಟಣ ಶತ್ರುಗಳ ವಶವಾಗಿತ್ತು. ಆ ರಾತ್ರಿ ಸೈನಿಕರು ಮನೆಮನೆಗಳನ್ನೂ ಅಂಗಡಿಗಳನ್ನೂ ಸೂರೆಮಾಡಿದರು. ಮರುದಿನ ಆರ್ಥರ್ ವೆಲ್ಲೆಸ್ಲಿಯು ಅಧಿಕಾರವನ್ನು ವಹಿಸಿಕೊಂಡು, ಕೆಲವು ಲೂಟಿಕೋರರನ್ನು ಗಲ್ಲಿಗೇರಿಸಿದ ಮೇಲೆಯೇ ಹಾವಳಿ ಅಡಗಿತು. ಅರಮನೆಯ ಸಂಪತ್ತನ್ನು ಎಣಿಸಿ ಸೇನೆಯವರಿಗೆ ಹಂಚಿದರು. ಚಿನ್ನದ ಹೊದಿಕೆಯ ಸಿಂಹಾಸನವನ್ನು ತುಂಡುತುಂಡು ಮಾಡಿದರು. ಅದರ ಹುಲಿಯ ತಲೆಯು ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿತು. ಆಂಗ್ಲ ಸೈನಿಕನ ಮೇಲೆ ಎರಗಿದ ಮರದ ಹುಲಿಯ ಯಂತ್ರಬೊಂಬೆಯು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಘಟನೆ ನಡೆದು ಸುಮಾರು ಎಪ್ಪತ್ತು ವರ್ಷಗಳು ಕಳೆದ ಮೇಲೆ, 1868ರಲ್ಲಿ, ವಿಲ್ಕಿ ಕಾಲಿನ್ಸ್ ಎಂಬ ಲಂಡನ್ ನಗರದ ಲೇಖಕನು ‘ದಿ ಮೂನ್‌ಸ್ಟೋನ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಕನ್ನಡದಲ್ಲಿ ಆ ಹೆಸರನ್ನು ‘ಚಂದ್ರಶಿಲೆ’ ಎನ್ನಬಹುದು. ಕಾಲಿನ್ಸ್ 1824ರಲ್ಲಿ ಜನಿಸಿ 1889ರಲ್ಲಿ ತೀರಿಕೊಂಡನು. ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವನ ಆಪ್ತ ಮಿತ್ರ. ಡಿಕನ್ಸನು ನಡೆಸುತ್ತಿದ್ದ ವಾರಪತ್ರಿಕೆಯಲ್ಲಿಯೇ ಈ ಕಥೆ ಆ ವರ್ಷದ ಜನವರಿಯಿಂದ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂದಿತು. ಬರೆಯುತ್ತಿದ್ದ ಕಾಲದಲ್ಲಿ ಲೇಖಕನು ಸಂಧಿವಾತದಿಂದ ನರಳುತ್ತಿದ್ದನು. ಅದೇ ಸಮಯದಲ್ಲಿ ಅವನ ತಾಯಿಯೂ ತೀರಿಕೊಂಡಳು. ಲೇಖನಿಯನ್ನು ಹಿಡಿಯಲಾಗದ ದಿನಗಳಲ್ಲಿ ಅವನು ಹಾಸಿಗೆಯಲ್ಲಿ ಮಲಗಿಯೇ ಕಥೆಯನ್ನು ಹೇಳಿ ಬರೆಯಿಸಿದನು. ಇಂಥ ಸಂಕಟದ ನಡುವೆ ಮೂಡಿದ ಈ ಕೃತಿಯನ್ನು ಕವಿ, ವಿಮರ್ಶಕ ಟಿ. ಎಸ್. ಎಲಿಯಟ್ ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಲ್ಲಿ ಮೊದಲನೆಯದೆಂದೂ ಶ್ರೇಷ್ಠವೆಂದೂ ಮೆಚ್ಚಿಕೊಂಡಿದ್ದಾನೆ.

ಕಾದಂಬರಿಯ ಪೀಠಿಕೆಯನ್ನು ತೆರೆದೊಡನೆ ಈ ಸೀಮೆಯ ಓದುಗನು ತನಗೆ ಪರಿಚಿತವಾದ ಕೋಟೆಯೊಳಗೆ ಕಾಲಿಟ್ಟಂತಾಗುತ್ತದೆ. ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ಹಳದಿ ಬಣ್ಣದ ವಜ್ರವೊಂದು ಆಕ್ರಮಣಗಳ ಕಾಲದಲ್ಲಿ ಕೈಯಿಂದ ಕೈಗೆ ಸಾಗಿ, ಕಡೆಗೆ ಟಿಪ್ಪುವಿನ ಕಠಾರಿಯ ಹಿಡಿಯನ್ನು ಸೇರಿರುತ್ತದೆ. ಅದನ್ನು ಕಾಯುವ ವ್ರತವನ್ನು ಹೊತ್ತ ಮೂವರು ಬ್ರಾಹ್ಮಣರು, ಪೀಳಿಗೆಯಿಂದ ಪೀಳಿಗೆಗೆ, ವೇಷ ಮರೆಸಿಕೊಂಡು ಅದರ ಹಿಂದೆಯೇ ಇರುತ್ತಾರೆ. ಕೋಟೆ ಬಿದ್ದ ರಾತ್ರಿ, ಲೂಟಿಯನ್ನು ತಡೆಯಲು ಬಂದ ಒಬ್ಬ ಅಧಿಕಾರಿಯು ಆಯುಧಶಾಲೆಯ ಬಾಗಿಲಲ್ಲಿ ಇಬ್ಬರ ಹೆಣಗಳನ್ನು ಕಾಣುತ್ತಾನೆ. ಒಳಗೆ ಮೂರನೆಯವನು ಕೊನೆಯುಸಿರು ಎಳೆಯುತ್ತಿರುತ್ತಾನೆ. ಅವನ ಮುಂದೆ ಒಂದು ಕೈಯಲ್ಲಿ ಪಂಜನ್ನೂ ಇನ್ನೊಂದು ಕೈಯಲ್ಲಿ ನೆತ್ತರು ತೊಟ್ಟಿಕ್ಕುವ ಕಠಾರಿಯನ್ನೂ ಹಿಡಿದು ನಿಂತವನು ಆ ಅಧಿಕಾರಿಯ ದಾಯಾದಿಯಾದ ಜಾನ್ ಹರ್ನ್‌ಕಾಸಲ್. ಸಾಯುತ್ತಿರುವವನು, ಆ ಕಲ್ಲು ನಿನ್ನನ್ನೂ ನಿನ್ನ ಕುಲವನ್ನೂ ಬಿಡದು ಎಂದು ಶಪಿಸಿ ಪ್ರಾಣಬಿಡುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅಧಿಕಾರಿಗೆ ತನ್ನ ದಾಯಾದಿಯೇ ಕೊಲೆಗಾರನೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅವನು ಬಹಿರಂಗವಾಗಿ ಆಪಾದಿಸುವುದಿಲ್ಲ. ಏಕೆಂದರೆ ಇರಿಯುವುದನ್ನು ಅವನು ಕಣ್ಣಾರೆ ಕಂಡಿಲ್ಲ. ಕಾಣದೆ ಇದ್ದುದನ್ನು ಕಂಡೆನೆನ್ನಲು ಅವನ ಮನಸ್ಸು ಒಪ್ಪುವುದಿಲ್ಲ. ಕಣ್ಣು ಕಂಡದ್ದಕ್ಕೂ ಸತ್ಯಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಯನ್ನು ಲೇಖಕನು ಹೀಗೆ ಮೊದಲ ಪುಟಗಳಲ್ಲಿಯೇ ಬಿತ್ತುತ್ತಾನೆ. ಅದರ ಬೆಳೆಯನ್ನು ಓದುಗನು ಕೊಯ್ಯುವುದು ಬಹಳ ಮುಂದೆ.

ಸುಮಾರು ಐವತ್ತು ವರ್ಷಗಳ ಬಳಿಕ ಕಥೆಯು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಒಂದು ಸಿರಿವಂತ ಮನೆಗೆ ಸಾಗುತ್ತದೆ. ಹರ್ನ್‌ಕಾಸಲನು ಮರಣಶಾಸನದ ಮೂಲಕ ವಜ್ರವನ್ನು ತನ್ನ ಸೋದರ ಸೊಸೆ ರೇಚಲ್ ವೆರಿಂಡರಳಿಗೆ ಬಿಟ್ಟಿದ್ದನು. 1848ರ ಜೂನ್ 21, ಅವಳ ಹದಿನೆಂಟನೆಯ ಹುಟ್ಟುಹಬ್ಬ. ಬಂಧುವಾದ ಫ್ರಾಂಕ್ಲಿನ್ ಬ್ಲೇಕ್ ಎಂಬ ತರುಣನು ಆ ವಜ್ರವನ್ನು ತಂದೊಪ್ಪಿಸುತ್ತಾನೆ. ಅಂದು ಸಂಜೆ ಗಾರುಡಿಗರ ವೇಷದ ಮೂವರು ಭಾರತೀಯರು ಆ ಮನೆಯ ಬಳಿ ಕಾಣಿಸಿಕೊಳ್ಳುತ್ತಾರೆ. ರಾತ್ರಿ ರೇಚಲ್ ಅದನ್ನು ತನ್ನ ಕೋಣೆಯ ಪೆಟ್ಟಿಗೆಯಲ್ಲಿ ಇರಿಸುತ್ತಾಳೆ. ಬೆಳಗಾಗುವಷ್ಟರಲ್ಲಿ ವಜ್ರ ಮಾಯವಾಗಿರುತ್ತದೆ.

ಸ್ಥಳೀಯ ಪೊಲೀಸ್ ಅಧಿಕಾರಿಯು ಸೇವಕರನ್ನು ಗದರಿಸಿ, ಗೊಂದಲವನ್ನು ಹೆಚ್ಚಿಸಿ, ಏನನ್ನೂ ಸಾಧಿಸದೆ ಹೋಗುತ್ತಾನೆ. ಆಗ ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ಕೃಶವಾದ ದೇಹ, ನರೆತ ಕೂದಲು, ಮಾತು ಮಿತ. ಅವನಿಗೆ ಕಳ್ಳರಿಗಿಂತ ಗುಲಾಬಿ ಗಿಡಗಳೇ ಪ್ರಿಯ. ಬಂದವನು ಮೊದಲು ಕಾಣುವುದು ರೇಚಲಳ ಕೋಣೆಯ ಬಾಗಿಲಿನ ಬಣ್ಣ ಒಂದೆಡೆ ಕದಡಿರುವುದನ್ನು. ಹೆಂಗಸರ ಲಂಗ ತಾಗಿ ಹಾಗಾಯಿತು, ಅದು ಕ್ಷುಲ್ಲಕ ಸಂಗತಿ ಎಂದು ಹಿಂದಿನ ಅಧಿಕಾರಿಯು ತಳ್ಳಿಹಾಕಿದ್ದನು. ಕಫ್ ಹಾಗೆ ತಳ್ಳಿಹಾಕುವವನಲ್ಲ. ಆ ಬಣ್ಣವನ್ನು ಬಳಿದು ಮುಗಿಸಿದ್ದು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ. ಅದು ಒಣಗಲು ಹನ್ನೆರಡು ಗಂಟೆಗಳು ಬೇಕು. ಆದ್ದರಿಂದ ನಸುಕಿನ ಮೂರರ ಬಳಿಕ ಅದು ಕದಡುವಂತಿಲ್ಲ. ನಡುರಾತ್ರಿಯಲ್ಲಿ ಬಣ್ಣ ಸರಿಯಾಗಿತ್ತೆಂದು ಮನೆಯ ಹುಡುಗಿಯೊಬ್ಬಳು ಹೇಳುತ್ತಾಳೆ. ಹಾಗಾದರೆ ಹನ್ನೆರಡರಿಂದ ಮೂರರ ನಡುವೆ ಆ ಬಾಗಿಲನ್ನು ದಾಟಿದವರ ಉಡುಪಿನಲ್ಲಿ ಬಣ್ಣದ ಕಲೆ ಇದ್ದೇ ಇರಬೇಕು. ಆ ಉಡುಪು ಎಲ್ಲಿದೆ?

ಈ ಭಾಗವನ್ನು ಓದುವಾಗ ಓದುಗನಿಗೆ ಗಣಿತದ ಲೆಕ್ಕವನ್ನು ಬಿಡಿಸಿದ ಸಂತೋಷವಾಗುತ್ತದೆ. ಯಾವುದೇ ಪವಾಡವಿಲ್ಲ, ಅಂಜನ ಹಾಕುವುದಿಲ್ಲ, ಕಣಿ ಕೇಳುವುದಿಲ್ಲ. ಬಣ್ಣ ಒಣಗಲು ತಗಲುವ ಹೊತ್ತು, ಕಂಡವರ ಮಾತು, ಇವೆರಡನ್ನು ಜೋಡಿಸಿದರೆ ಕತ್ತಲೆಯಲ್ಲಿ ದಾರಿ ಮೂಡುತ್ತದೆ. ಈ ಬಗೆಯ ತನಿಖೆಗೆ ಆ ಕಾಲದ ನಿಜವಾದ ಮೊಕದ್ದಮೆಯೊಂದು ಪ್ರೇರಣೆಯಾಗಿತ್ತು. 1860ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯ ಮನೆಯೊಂದರಲ್ಲಿ ಮಗುವಿನ ಕೊಲೆಯಾದಾಗ, ಲಂಡನ್ನಿನ ಪತ್ತೇದಾರ ಜೊನಾಥನ್ ವಿಚರ್ ಕಾಣೆಯಾದ ಒಂದು ರಾತ್ರಿಯ ಉಡುಪನ್ನೇ ಮುಖ್ಯ ಸುಳಿವೆಂದು ಹಿಡಿದಿದ್ದನು.

ಆದರೆ ಅಸಮಾನ ಬುದ್ಧಿಯುಳ್ಳ ಕಫ್ ಕೂಡ ಇಲ್ಲಿ ಎಡವುತ್ತಾನೆ. ರೇಚಲ್ ತನಿಖೆಗೆ ಸಹಕರಿಸದೆ ಮೌನವನ್ನು ತಾಳಿರುವುದರಿಂದ, ಅವಳೇ ವಜ್ರವನ್ನು ಅಡಗಿಸಿದ್ದಾಳೆಂದು ಅವನು ಭಾವಿಸುತ್ತಾನೆ. ಅವಳಿಗೆ ನೆರವಾದವಳು ರೊಸಾನಾ ಸ್ಪಿಯರ್‌ಮನ್ ಎಂಬ ಮನೆಗೆಲಸದವಳೆಂದು ಊಹಿಸುತ್ತಾನೆ. ರೊಸಾನಾ ಬಡವಿ, ಅವಳ ಒಂದು ಭುಜ ಊನವಾಗಿದೆ, ಹಿಂದೆ ಕಳ್ಳತನಕ್ಕಾಗಿ ಸೆರೆಮನೆಯಲ್ಲಿದ್ದು, ಈಗ ತಿದ್ದಿಕೊಂಡು ಬಾಳುತ್ತಿರುವವಳು. ಸಂಶಯದ ನೆರಳು ಅವಳ ಮೇಲೆ ಬೀಳಲು ಇಷ್ಟೇ ಸಾಕಾಯಿತು. ತಾಳಲಾರದ ದುಃಖದಿಂದ ಅವಳು ಕಡಲ ದಡದ ಹುದುಲು ಮರಳಿನಲ್ಲಿ ಪ್ರಾಣವನ್ನು ನೀಗಿಕೊಳ್ಳುತ್ತಾಳೆ. ಮನೆ ಒಡೆಯುತ್ತದೆ, ರೇಚಲ್ ಮತ್ತು ಬ್ಲೇಕರ ಪ್ರೀತಿ ಮುರಿಯುತ್ತದೆ, ಕಫ್ ಹಿಂದಿರುಗುತ್ತಾನೆ. ಮುಂದೆ ಅವನು ಕೆಲಸದಿಂದ ನಿವೃತ್ತನಾಗಿ ಗುಲಾಬಿ ತೋಟವನ್ನು ಮಾಡಿಕೊಳ್ಳುತ್ತಾನೆ.

ಸುಮಾರು ಒಂದು ವರ್ಷದ ಬಳಿಕ ಫ್ರಾಂಕ್ಲಿನ್ ಬ್ಲೇಕನು ತಾನೇ ಶೋಧಕ್ಕೆ ಹೊರಡುತ್ತಾನೆ. ಪೊಲೀಸರು ಕೈಬಿಟ್ಟ ರಹಸ್ಯವನ್ನು ಒಬ್ಬ ಖಾಸಗಿ ವ್ಯಕ್ತಿಯು ಬೆನ್ನುಹತ್ತುವ ರೀತಿಯನ್ನು ಇಲ್ಲಿ ಕಾಣಬಹುದು. ರೊಸಾನಾ ಬಿಟ್ಟುಹೋದ ಕಾಗದದ ಸೂಚನೆಯಂತೆ ಅವನು ಮರಳಿನೊಳಗಿನಿಂದ ತಗಡಿನ ಪೆಟ್ಟಿಗೆಯೊಂದನ್ನು ಎಳೆದು ತೆಗೆಯುತ್ತಾನೆ. ಅದರಲ್ಲಿ ಬಣ್ಣದ ಕಲೆಯಿರುವ ರಾತ್ರಿಯ ಉಡುಪು ಇದೆ. ಅದು ಯಾರದು? ಅದರ ಮೇಲಿನ ಹೆಸರನ್ನು ಅವನು ಓದುತ್ತಾನೆ. ಆ ಹೆಸರು ಅವನದೇ!

ಈ ಘಟ್ಟದಲ್ಲಿ ಕನ್ನಡ ಓದುಗನಿಗೆ ಶ್ಯಮಂತಕ ಮಣಿಯ ಕಥೆ ನೆನಪಾಗದೆ ಇರದು. ಭಾದ್ರಪದ ಚೌತಿಯಂದು ಮನೆಮನೆಗಳಲ್ಲಿ ಹೇಳುವ ಕಥೆ ಅದು. ಸತ್ರಾಜಿತನ ಮಣಿಯನ್ನು ಧರಿಸಿ ಬೇಟೆಗೆ ಹೋದ ಪ್ರಸೇನನು ಹಿಂದಿರುಗಲಿಲ್ಲ. ಮಣಿಯನ್ನು ಕೃಷ್ಣನೇ ಅಪಹರಿಸಿದನೆಂಬ ಅಪವಾದ ಹುಟ್ಟಿತು. ಕೃಷ್ಣನು ಸಿಟ್ಟಾಗಲಿಲ್ಲ, ಸುಮ್ಮನೆಯೂ ಕೂಡಲಿಲ್ಲ. ನಾಲ್ಕು ಜನರನ್ನು ಕರೆದುಕೊಂಡು ಕಾಡಿಗೆ ಹೋದನು. ಪ್ರಸೇನನ ಶವವನ್ನು ಕಂಡನು. ಅಲ್ಲಿಂದ ಸಿಂಹದ ಹೆಜ್ಜೆಗಳನ್ನು ಹಿಡಿದು ನಡೆದು ಸತ್ತ ಸಿಂಹವನ್ನು ಕಂಡನು. ಅಲ್ಲಿಂದ ಕರಡಿಯ ಹೆಜ್ಜೆಗಳನ್ನು ಹಿಡಿದು ಜಾಂಬವಂತನ ಗವಿಯನ್ನು ಸೇರಿದನು. ಹೆಜ್ಜೆಯ ಗುರುತಿನಿಂದ ಸತ್ಯವನ್ನು ತಲಪುವ ಈ ಕಥೆಯನ್ನು ಪತ್ತೇದಾರಿ ಕಥೆಗಳ ಹಿರಿಯಜ್ಜಿ ಎಂದರೂ ಸಲ್ಲುತ್ತದೆ. ಆಪಾದನೆಗೆ ಗುರಿಯಾದವನೇ ಶೋಧಕನಾಗುವುದು ಎರಡೂ ಕಥೆಗಳಿಗೆ ಸಮಾನ. ಆದರೆ ಒಂದು ಭೇದವುಂಟು. ಕೃಷ್ಣನು ಹಿಡಿದ ಹೆಜ್ಜೆಗಳು ಅವನನ್ನು ಅಪವಾದದಿಂದ ದೂರಕ್ಕೆ ಒಯ್ದವು. ಬ್ಲೇಕನು ಹಿಡಿದ ಹೆಜ್ಜೆಗಳು ಅವನನ್ನು ಅವನ ಬಾಗಿಲಿಗೇ ತಂದು ನಿಲ್ಲಿಸಿದವು.

ಬ್ಲೇಕನು ಆ ಉಡುಪನ್ನು ಸುಟ್ಟುಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಹಾಗೆ ಮಾಡುವುದಿಲ್ಲ. ತಾನು ಕಳ್ಳನಲ್ಲವೆಂಬುದು ಅವನ ಮನಸ್ಸಿಗೆ ಗೊತ್ತು. ತಾನೇ ಕಳ್ಳನೆಂದು ಸಾಕ್ಷ್ಯ ಹೇಳುತ್ತಿದೆ. ಸಾಕ್ಷ್ಯವನ್ನು ಅಳಿಸುವುದಕ್ಕಿಂತ ಅದರ ಅರ್ಥವನ್ನು ಕಡೆತನಕ ಹುಡುಕುವುದೇ ಸರಿಯೆಂದು ಅವನು ನಿರ್ಧರಿಸುತ್ತಾನೆ. ರೇಚಲಳನ್ನು ಕಂಡು ಕೇಳಿದಾಗ ಅವಳು ಒಂದು ವರ್ಷದ ಮೌನವನ್ನು ಮುರಿಯುತ್ತಾಳೆ. ಅವನು ವಜ್ರವನ್ನು ತೆಗೆದುಕೊಂಡು ಹೋದುದನ್ನು ಅವಳು ಆ ರಾತ್ರಿ ತನ್ನ ಕಣ್ಣಿನಿಂದಲೇ ಕಂಡಿದ್ದಳು! ಪ್ರೀತಿಯ ಕಾರಣದಿಂದ ಯಾರಿಗೂ ಹೇಳಿರಲಿಲ್ಲ. ರೊಸಾನಾ ಕೂಡ ಅವನಲ್ಲಿ ಮನಸ್ಸಿಟ್ಟಿದ್ದಳು. ಕಲೆಯಾದ ಉಡುಪನ್ನು ಮೊದಲು ಕಂಡವಳು ಅವಳು. ಅದರಂತೆಯೇ ಇನ್ನೊಂದನ್ನು ಹೊಲಿದಿಟ್ಟು, ಮೊದಲನೆಯದನ್ನು ಮರಳಿನಲ್ಲಿ ಮರೆಮಾಡಿದ್ದಳು.

ಪೀಠಿಕೆಯಲ್ಲಿ ಬಿತ್ತಿದ ಪ್ರಶ್ನೆ ಇಲ್ಲಿ ಫಲ ಕೊಡುತ್ತದೆ. ಶ್ರೀರಂಗಪಟ್ಟಣದ ಅಧಿಕಾರಿಯು ಕಣ್ಣಾರೆ ಕಾಣದೆ ಇದ್ದುದರಿಂದ ನಿಜವಾದ ಅಪರಾಧಿಯನ್ನು ದೂರಲಿಲ್ಲ. ರೇಚಲ್ ಕಣ್ಣಾರೆ ಕಂಡುದರಿಂದಲೇ ನಿರಪರಾಧಿಯನ್ನು ಅಪರಾಧಿಯೆಂದು ನಂಬಿದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಕನ್ನಡದ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಇಬ್ಬರು ಹೆಂಗಸರೂ ಬ್ಲೇಕನನ್ನು ಉಳಿಸಬೇಕೆಂದೇ ಮೌನವಾಗಿದ್ದರು. ಒಬ್ಬಳು ಒಂದು ಮಾತು ಕೇಳಿದ್ದರೆ, ಇನ್ನೊಬ್ಬಳು ಒಂದು ಮಾತು ಹೇಳಿದ್ದರೆ, ಒಂದು ಜೀವವೂ ಒಂದು ವರ್ಷವೂ ಉಳಿಯುತ್ತಿದ್ದವು.

ರಹಸ್ಯದ ಗಂಟನ್ನು ಬಿಡಿಸುವವನು ಎಜ್ರಾ ಜೆನಿಂಗ್ಸ್ ಎಂಬ ವೈದ್ಯ ಸಹಾಯಕ. ಅವನ ವಿಚಿತ್ರ ರೂಪವನ್ನು ಕಂಡು ಊರಿನವರು ಅವನನ್ನು ದೂರವಿಟ್ಟಿದ್ದರು. ಹಿಂದೆ ಯಾರೋ ಹೊರಿಸಿದ ಸುಳ್ಳು ಅಪವಾದವೊಂದು ಅವನ ಬಾಳನ್ನು ಕೆಡಿಸಿತ್ತು. ಮೇಲಾಗಿ ಅವನು ಗುಣವಾಗದ ಬೇನೆಯಿಂದ ಬಳಲುತ್ತಿದ್ದನು. ಅವನ ಯಜಮಾನನಾದ ವೈದ್ಯನು ಜ್ವರದ ತಾಪದಲ್ಲಿ ಕನವರಿಸಿದ ಹರಕುಮುರುಕು ಮಾತುಗಳನ್ನು ಜೆನಿಂಗ್ಸ್ ಬರೆದಿಟ್ಟುಕೊಂಡು, ನಡುವಣ ತೆರಪುಗಳನ್ನು ತುಂಬಿ ಅರ್ಥ ಹಚ್ಚುತ್ತಾನೆ. ಹುಟ್ಟುಹಬ್ಬದ ಊಟದ ವೇಳೆ ಬ್ಲೇಕನು ವೈದ್ಯಶಾಸ್ತ್ರವನ್ನು ಹೀಗಳೆದಿದ್ದನು. ಅವನಿಗೆ ಪಾಠ ಕಲಿಸಲೆಂದು ವೈದ್ಯನು ಗುಟ್ಟಾಗಿ ಅಫೀಮಿನ ಔಷಧಿಯನ್ನು ಕುಡಿಸಿದ್ದನು. ಆ ಅಮಲಿನಲ್ಲಿ ಬ್ಲೇಕನು, ವಜ್ರಕ್ಕೆ ಅಪಾಯವುಂಟೆಂಬ ಚಿಂತೆಯಿಂದ, ಅದನ್ನು ಭದ್ರಪಡಿಸಲೆಂದೇ ಎತ್ತಿಕೊಂಡಿದ್ದನು. ಎಚ್ಚರಾದ ಮೇಲೆ ಅವನಿಗೆ ಏನೂ ನೆನಪಿರಲಿಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರು ನಂಬುವರು? ಆದ್ದರಿಂದ 1849ರ ಜೂನ್ ತಿಂಗಳಲ್ಲಿ ಅದೇ ಮನೆಯಲ್ಲಿ, ಸಾಕ್ಷಿಗಳ ಎದುರಿನಲ್ಲಿ, ಬ್ಲೇಕನಿಗೆ ಮತ್ತೆ ಅಫೀಮನ್ನು ಕೊಟ್ಟು ಪ್ರಯೋಗವನ್ನು ನಡೆಸುತ್ತಾರೆ. ಅವನು ಅಮಲಿನಲ್ಲಿ ಎದ್ದು ಹೋಗಿ, ಪೆಟ್ಟಿಗೆಯಲ್ಲಿ ಇರಿಸಿದ್ದ ನಕಲಿ ಕಲ್ಲನ್ನು ತೆಗೆದುಕೊಳ್ಳುತ್ತಾನೆ. ಅವನ ನಿರ್ದೋಷಿತ್ವ ಸಿದ್ಧವಾಗುತ್ತದೆ.

ಹಾಗಾದರೆ ವಜ್ರವೇನಾಯಿತು? ಆ ರಾತ್ರಿ ಬ್ಲೇಕನು ಅದನ್ನು ಇನ್ನೊಬ್ಬ ಬಂಧುವಾದ ಗಾಡ್‌ಫ್ರೆ ಏಬಲ್‌ವೈಟನ ಕೈಗೆ ಕೊಟ್ಟು, ಬ್ಯಾಂಕಿನಲ್ಲಿ ಇರಿಸುವಂತೆ ಹೇಳಿದ್ದನು. ಗಾಡ್‌ಫ್ರೆ ಧರ್ಮಕಾರ್ಯಗಳ ಸಭೆಗಳಲ್ಲಿ ಸೊಗಸಾಗಿ ಭಾಷಣ ಮಾಡುವ, ಎಲ್ಲರಿಂದಲೂ ಹೊಗಳಿಸಿಕೊಳ್ಳುವ ಗೃಹಸ್ಥ. ಆದರೆ ತನ್ನ ವಶದಲ್ಲಿದ್ದ ಒಬ್ಬ ಎಳೆಯನ 20,000 ಪೌಂಡುಗಳನ್ನು ಅವನು ನುಂಗಿದ್ದನು. ಸಾಲವನ್ನು ತೀರಿಸಲು ವಜ್ರವನ್ನು ಬಡ್ಡಿವ್ಯಾಪಾರಿಯೊಬ್ಬನಲ್ಲಿ ಒತ್ತೆಯಿಟ್ಟನು. ಅದನ್ನು ಬಿಡಿಸಿಕೊಂಡು ಓಡಿಹೋಗುವ ಮುನ್ನ ಲಂಡನ್ನಿನ ಒಂದು ವಸತಿಗೃಹದಲ್ಲಿ ಅವನ ಕೊಲೆಯಾಗುತ್ತದೆ. ನಾವಿಕನ ವೇಷದಲ್ಲಿದ್ದ ಶವದ ಮುಖದ ಬಣ್ಣವನ್ನು ತೊಳೆದು ಗುರುತು ಹಿಡಿಯುವಾಗ ಕಫ್ ಅಲ್ಲಿ ಇರುತ್ತಾನೆ. ನಿವೃತ್ತನಾಗಿದ್ದರೂ ತನ್ನ ಹಿಂದಿನ ತಪ್ಪನ್ನು ಸರಿಪಡಿಸಲೆಂದು ಅವನು ಮರಳಿ ಬಂದಿದ್ದನು. ಮೊದಲೇ ಮುಚ್ಚಿದ ಲಕೋಟೆಯಲ್ಲಿ ಬರೆದುಕೊಟ್ಟಿದ್ದ ಹೆಸರು ಈ ಬಾರಿ ಸರಿಯಾಗಿತ್ತು. ವಜ್ರವು ಮೂವರು ಬ್ರಾಹ್ಮಣರ ಕೈಸೇರಿ ಭಾರತಕ್ಕೆ ಮರಳುತ್ತದೆ. ಕಡೆಯ ಅಧ್ಯಾಯದಲ್ಲಿ ಮರ್ತ್‌ವೇಟ್ ಎಂಬ ಪ್ರವಾಸಿಯು ಕಾಠಿಯಾವಾಡದಲ್ಲಿ, ಸೋಮನಾಥದ ಸಮೀಪ, ಬೆಳುದಿಂಗಳಿನಲ್ಲಿ ನಡೆದ ಉತ್ಸವವನ್ನು ನೋಡುತ್ತಾನೆ. ದೇವರ ಹಣೆಯಲ್ಲಿ ಆ ಹಳದಿ ವಜ್ರ ಹೊಳೆಯುತ್ತಿರುತ್ತದೆ. ಕಡಲು ದಾಟಿ, ವೇಷ ಹಾಕಿ ಜಾತಿಯನ್ನು ಕಳೆದುಕೊಂಡ ಆ ಮೂವರು, ಮತ್ತೆಂದೂ ಒಬ್ಬರನ್ನೊಬ್ಬರು ನೋಡದಂತೆ ಮೂರು ದಿಕ್ಕಿಗೆ ಯಾತ್ರೆ ಹೊರಡುತ್ತಾರೆ.

ಪುಸ್ತಕವನ್ನು ಮುಚ್ಚಿದ ಮೇಲೆ ಓದುಗನ ಮನಸ್ಸಿನಲ್ಲಿ ಕೆಲವು ವಿಚಾರಗಳು ಉಳಿಯುತ್ತವೆ. ಮೊದಲನೆಯದು ಕಥೆಯನ್ನು ಹೇಳುವ ರೀತಿ. ಇಲ್ಲಿ ಕಥೆಗಾರನು ಒಬ್ಬನಲ್ಲ. ಮನೆಯ ಹಳೆಯ ಪಾರುಪತ್ಯಗಾರ ಬೆಟರಿಜ್, ವಕೀಲ, ವೈದ್ಯ, ಪತ್ತೇದಾರ ಹೀಗೆ ಹಲವರು ಸರದಿಯಂತೆ ಬರೆಯುತ್ತಾರೆ. ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವಂತೆ, ಒಬ್ಬೊಬ್ಬರೂ ತಾವು ಕಂಡುದನ್ನು ಮಾತ್ರ ಹೇಳಬೇಕೆಂಬುದು ನಿಯಮ. ಪ್ರತಿಯೊಬ್ಬರ ಮಾತಿನಲ್ಲಿ ಸತ್ಯದ ಒಂದು ಚೂರು ಇರುತ್ತದೆ, ಅವರವರ ಪಕ್ಷಪಾತವೂ ಇರುತ್ತದೆ. ಚೂರುಗಳನ್ನು ಜೋಡಿಸುವ ಕೆಲಸ ಓದುಗನದು.

ಎರಡನೆಯದು, ಸಂಶಯವು ಯಾರನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದು. ಬಡ ಸೇವಕಿ, ಪರದೇಶದ ಗಾರುಡಿಗರು, ರೂಪವಿಲ್ಲದ ವೈದ್ಯ ಸಹಾಯಕ ಇವರನ್ನು ಕಂಡರೆ ಸಮಾಜಕ್ಕೆ ಅನುಮಾನ. ನಯವಾದ ಮಾತಿನ ಗಾಡ್‌ಫ್ರೆಯನ್ನು ಕಂಡರೆ ಗೌರವ. ನಿಜಕ್ಕೂ ಎರಡು ಮನೆಗಳ ವಿಶ್ವಾಸವನ್ನು ಕದ್ದವನು ಅವನೇ. ಶಾಲೆಯಲ್ಲಿ ಒಂದು ಪುಸ್ತಕ ಕಳೆದಾಗ, ಊರಿನಲ್ಲಿ ಒಂದು ಒಡವೆ ಕಾಣೆಯಾದಾಗ, ಬೆರಳು ಮೊದಲು ಯಾರ ಕಡೆಗೆ ಚಾಚುತ್ತದೆ ಎಂಬುದನ್ನು ಯೋಚಿಸಿದರೆ, ಈ ಕಥೆ ಇಂಗ್ಲೆಂಡಿಗೆ ಮಾತ್ರ ಸೇರಿದುದಲ್ಲವೆಂದು ಗೊತ್ತಾಗುತ್ತದೆ.

ಮೂರನೆಯದು ಶಾಪದ ವಿಷಯ. ಪೀಠಿಕೆಯ ಶಾಪವು ಕಥೆಯುದ್ದಕ್ಕೂ ನೆರಳಿನಂತೆ ಹಿಂಬಾಲಿಸುತ್ತದೆ. ಆದರೆ ನಡೆದ ಒಂದೊಂದು ಕೇಡಿಗೂ ಲೇಖಕನು ಮನುಷ್ಯರ ಕಾರಣವನ್ನೇ ತೋರಿಸುತ್ತಾನೆ: ಒಬ್ಬನ ಲೋಭ, ಒಬ್ಬನ ಹುಡುಗಾಟ, ಇಬ್ಬರ ಮೌನ. ಕಲ್ಲು ಯಾರನ್ನೂ ಕೊಲ್ಲಲಿಲ್ಲ.

ನಾಲ್ಕನೆಯ ವಿಚಾರವು ಶ್ರೀರಂಗಪಟ್ಟಣದ ನೆರೆಯ ಓದುಗನಿಗೆ ಬಹು ಮುಖ್ಯವಾದುದು. ಇಂಗ್ಲೆಂಡಿನ ಮನೆಯವರೆಲ್ಲ ರೇಚಲಳ ವಜ್ರವನ್ನು ಕದ್ದವರಾರು ಎಂದು ಕೇಳುತ್ತಾರೆ. ಅದು ರೇಚಲಳದಾದುದು ಹೇಗೆ ಎಂದು ಅವರು ಕೇಳುವುದಿಲ್ಲ. ಮೊದಲ ಕಳ್ಳತನ ನಡೆದದ್ದು ಕಾವೇರಿಯ ದಡದಲ್ಲಿ, ಮೂವರ ನೆತ್ತರು ಹರಿದ ಕೋಣೆಯಲ್ಲಿ. ಅದಕ್ಕೂ ಹಿಂದೆ ದೇವಾಲಯದಿಂದ ಅದು ಕೈತಪ್ಪಿದ್ದೂ ಬಲಾತ್ಕಾರದಿಂದಲೇ. ಈ ವಜ್ರವು ಕಲ್ಪಿತವಾದದ್ದು. ಯುರೋಪಿನ ಎರಡು ರಾಜವಜ್ರಗಳ ಕಥೆಗಳು ತನಗೆ ಆಧಾರವೆಂದು ಕಾಲಿನ್ಸನೇ ಮುನ್ನುಡಿಯಲ್ಲಿ ತಿಳಿಸಿದ್ದಾನೆ. ಒಂದು, 1849ರಲ್ಲಿ ಪಂಜಾಬಿನಿಂದ ಆಂಗ್ಲರು ಪಡೆದ ಕೋಹಿನೂರು. ಇನ್ನೊಂದು, ರಷ್ಯದ ಚಕ್ರವರ್ತಿಗಳ ರಾಜದಂಡದಲ್ಲಿದ್ದ ಓರ್ಲೋವ್. ಅದು ಶ್ರೀರಂಗದ ರಂಗನಾಥನ ವಿಗ್ರಹದಿಂದ ಕಳವಾದುದೆಂಬ ದಂತಕಥೆಯುಂಟು. ವಜ್ರವು ಕಲ್ಪಿತವಾದರೂ ಶ್ರೀರಂಗಪಟ್ಟಣದ ಸೂರೆ ಕಲ್ಪಿತವಲ್ಲ. 2023ರ ಮೇ ತಿಂಗಳಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗವೊಂದು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. 1857ರ ಹೋರಾಟದ ಕಹಿ ಇಂಗ್ಲೆಂಡಿನಲ್ಲಿ ಇನ್ನೂ ಆರದಿದ್ದ ಕಾಲದಲ್ಲಿ, ಆಂಗ್ಲ ಲೇಖಕನೊಬ್ಬನು ಲೂಟಿಯ ವಸ್ತುವು ಹುಟ್ಟಿದ ನಾಡಿಗೆ ಮರಳುವಂತೆ ಕಥೆಯನ್ನು ಮುಗಿಸಿದುದು ಸಾಮಾನ್ಯ ಸಂಗತಿಯಲ್ಲ.

ಹಾಗೆಂದು ಓದುಗನು ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಭಾರತದ ದೇವರು, ವ್ರತ, ಆಚಾರಗಳ ಬಗೆಗೆ ಲೇಖಕನು ಬರೆದುದರಲ್ಲಿ ಊಹೆಯೇ ಹೆಚ್ಚು. ತಮ್ಮ ದೇವರ ವಸ್ತುವನ್ನು ಮರಳಿ ಪಡೆಯಲು ಆ ಮೂವರು ಗಾಡ್‌ಫ್ರೆಯನ್ನು ಕೊಂದುದು ನ್ಯಾಯವೇ ಎಂಬ ಪ್ರಶ್ನೆಗೆ ಕಾದಂಬರಿಯು ಉತ್ತರವನ್ನು ಕೊಡುವುದಿಲ್ಲ. ಮೊದಲ ಅನ್ಯಾಯವನ್ನು ಸರಿಪಡಿಸಲು ಹೋಗಿ ಇನ್ನೊಂದು ಪ್ರಾಣಹಾನಿಯಾದುದು ಓದುಗನ ಮನಸ್ಸನ್ನು ಚುಚ್ಚುತ್ತಲೇ ಇರುತ್ತದೆ.

ಈ ಕಾದಂಬರಿಯ ಬಳಿಕ ಪತ್ತೇದಾರಿ ಸಾಹಿತ್ಯವು ಹಲವು ದೇಶಗಳಲ್ಲಿ ಬೆಳೆಯಿತು. 1887ರಲ್ಲಿ ಕಾನನ್ ಡಾಯ್ಲ್ ಸೃಷ್ಟಿಸಿದ ಖಾಸಗಿ ಪತ್ತೇದಾರ ಷರ್ಲಾಕ್ ಹೋಮ್ಸ್ ಲೋಕಪ್ರಸಿದ್ಧನಾದನು. ಅವನ ಎರಡನೆಯ ಕಾದಂಬರಿಯಲ್ಲಿಯೂ ಆಗ್ರಾದಿಂದ ಹೋದ ನಿಧಿಯೇ ಕೇಡಿನ ಮೂಲ. ಕನ್ನಡದಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ರಚಿಸಿದರು. ಕನ್ನಡ ಚಳವಳಿಯ ಮುಂದಾಳುಗಳಾಗಿದ್ದು, ಹಳದಿ ಕೆಂಪು ಬಣ್ಣದ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಅನೇಕ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಇಂಥ ಪುಸ್ತಕಗಳ ಕುತೂಹಲದಿಂದಲೇ ಎಷ್ಟೋ ಜನರಿಗೆ ಕನ್ನಡ ಓದುವ ಅಭ್ಯಾಸ ಹತ್ತಿತು.

ಕಳ್ಳನು ಯಾರೆಂದು ತಿಳಿದೊಡನೆ ಸಾಮಾನ್ಯ ಪತ್ತೇದಾರಿ ಕಥೆಯ ಕೆಲಸ ಮುಗಿಯುತ್ತದೆ. ಉತ್ತಮ ಕಥೆಯ ಕೆಲಸ ಆಮೇಲೂ ಮುಂದುವರಿಯುತ್ತದೆ. ಆಧಾರವಿಲ್ಲದೆ ದೂರಬಾರದು, ಆಧಾರ ತನಗೆ ವಿರುದ್ಧವಾಗಿದ್ದರೂ ಅದನ್ನು ಮುಚ್ಚಬಾರದು, ಕಳುವಾದ ವಸ್ತುವನ್ನು ಹುಡುಕುವಾಗ ಅದು ಮೂಲತಃ ಯಾರದೆಂದು ಕೇಳುವುದನ್ನು ಮರೆಯಬಾರದು. ಶ್ರೀರಂಗಪಟ್ಟಣದಿಂದ ಹೊರಟ ಕಲ್ಪನೆಯ ವಜ್ರವು ಓದುಗನ ಕೈಯಲ್ಲಿ ಬಿಟ್ಟುಹೋಗುವ ಬೆಳಕು ಇದು.

ಪದಗಳ ಅರ್ಥ

ಕಠಾರಿ - ಸಣ್ಣ ಕತ್ತಿ, ಬಾಕು
ಸೂರೆ - ಕೊಳ್ಳೆ, ಲೂಟಿ
ಮರಣಶಾಸನ - ತನ್ನ ಬಳಿಕ ಆಸ್ತಿಯು ಯಾರಿಗೆ ಸಲ್ಲಬೇಕೆಂದು ಬರೆದಿಟ್ಟ ಪತ್ರ
ಗಾರುಡಿಗ - ಇಂದ್ರಜಾಲ ತೋರಿಸುವವನು
ಹುದುಲು - ಕಾಲು ಹೂತುಹೋಗುವ ಮೆತ್ತನೆಯ ನೆಲ
ಪಾರುಪತ್ಯಗಾರ - ಮೇಲ್ವಿಚಾರಕ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಏಕೆ ಬಂದಿತು?
2. ಟಿಪ್ಪುವಿನ ಬಳಿಯಲ್ಲಿ ವಜ್ರವು ಎಲ್ಲಿತ್ತೆಂದು ಕಾದಂಬರಿಯು ಹೇಳುತ್ತದೆ?
3. ತಗಡಿನ ಪೆಟ್ಟಿಗೆಯಲ್ಲಿ ಬ್ಲೇಕನಿಗೆ ಏನು ದೊರೆಯಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಾಗಿಲಿನ ಬಣ್ಣದಿಂದ ಕಫ್ ಯಾವ ತೀರ್ಮಾನಕ್ಕೆ ಬಂದನು? ಹೇಗೆ?
2. ಶ್ಯಮಂತಕ ಮಣಿಯ ಕಥೆಗೂ ಈ ಕಾದಂಬರಿಗೂ ಇರುವ ಹೋಲಿಕೆ ಮತ್ತು ಭೇದವನ್ನು ತಿಳಿಸಿರಿ.
3. ರೊಸಾನಾಳ ದುರಂತಕ್ಕೆ ಕಾರಣಗಳೇನು?

ಇ. ವಿಚಾರಮಾಡಿ ಬರೆಯಿರಿ.
1. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಪಾಠದ ಆಧಾರದಿಂದ ವಿಸ್ತರಿಸಿರಿ.
2. ವಜ್ರವು ನ್ಯಾಯವಾಗಿ ಯಾರಿಗೆ ಸೇರಬೇಕಾಗಿತ್ತು? ಅದನ್ನು ಮರಳಿ ಪಡೆದ ರೀತಿ ಸರಿಯೇ? ಕಾರಣಗಳೊಡನೆ ಬರೆಯಿರಿ.